ಡೀ ನದಿಯ ಚಳಿಯಲ್ಲಿ ಗಾಳ ಹಾಕಲು ಹೊರಟವರಿಗೆ

ಮೊದಲು ಕಾಲುಚೀಲದ ಮಾತು ಆಡಿಬಿಡೋಣ.

ಗ್ರೇಲಿಂಗ್ ಮೀನು ಹಿಡಿಯುವ ಆಸೆಯಿಂದ ಡಿಸೆಂಬರ್‌ನಲ್ಲಿ ವೇಲ್ಸ್‌ನ ಡೀ ನದಿಗೆ ಇಳಿದ ಮೊದಲ ಸಲ ನಾನು ಎರಡು ಜೊತೆ ದಪ್ಪ ಕಾಲುಚೀಲ ಹಾಕಿದ್ದೆ. ಒಂದಕ್ಕಿಂತ ಎರಡು ಬೆಚ್ಚಗೆ ಅನ್ನೋ ಲೆಕ್ಕ. ಬೂಟು ಬಿಗಿಯಾಯಿತು. ರಕ್ತ ಓಡಾಡಲು ಜಾಗ ಇಲ್ಲದೆ ಅರ್ಧ ಗಂಟೆಯಲ್ಲಿ ಬೆರಳುಗಳು ಇವೆಯೋ ಇಲ್ಲವೋ ಗೊತ್ತಾಗದ ಹಾಗಾಯಿತು. ಮರಗಟ್ಟಿದ ಕಾಲಿಗೆ ತಳದ ಕಲ್ಲು ಜಾರುತ್ತಿರುವುದು ತಿಳಿಯಲೇ ಇಲ್ಲ. ಮೊಣಕಾಲುದ್ದದ ನೀರಿನಲ್ಲಿ ದೊಪ್ಪನೆ ಕೂತುಬಿಟ್ಟೆ. ಬೆಳಿಗ್ಗೆ 11:30ಕ್ಕೆ ಕಾರಿನಲ್ಲಿ ಹೀಟರ್ ಹಾಕಿಕೊಂಡು ನಡುಗುತ್ತಿದ್ದೆ. ಮೀನಿನ ಮುಖ ನೋಡಿರಲಿಲ್ಲ.

ಜನವರಿಯಲ್ಲಿ ಮತ್ತೆ ಹೋದಾಗ ಏಳು ಸಿಕ್ಕವು. ಒಂದು ತಿಂಗಳಲ್ಲಿ ನಾನೇನೂ ದೊಡ್ಡ ಗಾಳಗಾರ ಆಗಿರಲಿಲ್ಲ. ಬೂಟು ಒಂದು ಸೈಜ್ ದೊಡ್ಡದು ತಗೊಂಡಿದ್ದೆ. ತೆಳುವಾದ ಒಂದು ಚೀಲ, ಅದರ ಮೇಲೆ ಸಡಿಲವಾದ ಒಂದು ಉಣ್ಣೆ ಚೀಲ, ಅಷ್ಟೇ. ಇನ್ನೊಂದು, ಬೆಳಗಿನಿಂದ ಸಂಜೆವರೆಗೆ ನದಿಯಲ್ಲಿ ನಿಲ್ಲುವ ಆಸೆ ಬಿಟ್ಟಿದ್ದೆ.

ಗ್ರೇಲಿಂಗ್ ಅಂದರೆ ಟ್ರೌಟ್, ಸಾಲ್ಮನ್‌ಗಳ ನೆಂಟ. ಬೆಳ್ಳಿ ಕಲೆಸಿದ ಬೂದು ಮೈ, ಬೆನ್ನ ಮೇಲೆ ಹಾಯಿಯ ಹಾಗೆ ಏಳುವ ದೊಡ್ಡ ರೆಕ್ಕೆ. ಟ್ರೌಟ್, ಸಾಲ್ಮನ್ ಚಳಿಗಾಲದ ಹೊತ್ತಿಗೆ ಮೊಟ್ಟೆ ಇಡುತ್ತವೆ. ಅದಕ್ಕೇ ಆಗ ಅವನ್ನು ಹಿಡಿಯುವಂತಿಲ್ಲ. ಗ್ರೇಲಿಂಗ್ ಮೊಟ್ಟೆ ಇಡುವುದು ಚಳಿ ಕಳೆದ ಮೇಲೆ. ಹಾಗಾಗಿ ಡಿಸೆಂಬರ್, ಜನವರಿಯಲ್ಲಿ ಅದು ಮೈ ತುಂಬಿಕೊಂಡಿರುತ್ತದೆ. ಬೇರೆ ಮೀನುಗಳು ಮಂಕಾಗಿ ಕೂತಾಗಲೂ ಇದು ತಿನ್ನುತ್ತದೆ. ಇದಕ್ಕೂ ರಜೆ ಇದೆ, ಮಾರ್ಚ್ 15ರಿಂದ ಜೂನ್ 15ರವರೆಗೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಇಂಗ್ಲೆಂಡ್, ವೇಲ್ಸ್ ಎರಡಕ್ಕೂ ಒಂದೇ ರಾಡ್ ಲೈಸೆನ್ಸ್. 13 ತುಂಬಿದ ಯಾರೇ ಆದರೂ ಬೇಕು. ಸರ್ಕಾರದ ವೆಬ್‌ಸೈಟಿನಲ್ಲಿ ಒಂದು ದಿನದ್ದು, ಎಂಟು ದಿನದ್ದು, ವರ್ಷದ್ದು ಸಿಗುತ್ತದೆ. ಅದು ಇದ್ದ ಮಾತ್ರಕ್ಕೆ ನದಿಗೆ ಇಳಿಯುವ ಹಾಗಿಲ್ಲ. ದಡದ ಹಕ್ಕು ಯಾವ ಸಂಘದ ಬಳಿ ಇದೆಯೋ ಅವರ ದಿನದ ಟಿಕೆಟ್ ಬೇರೆ ತಗೋಬೇಕು. ಟಿಕೆಟ್ ಹಿಂದೆ ಸಣ್ಣ ಅಕ್ಷರದಲ್ಲಿ ನಿಯಮ ಇರುತ್ತದೆ, ದಯವಿಟ್ಟು ಓದಿ. ಕೆಲವು ಕಡೆ ಎರೆಹುಳ ಹಾಕುವಂತಿಲ್ಲ, ಕೃತಕ ಹುಳದ ಗಾಳ ಮಾತ್ರ. ನನ್ನ ಟಿಕೆಟ್‌ನಲ್ಲಿ ಹಿಡಿದ ಎಲ್ಲ ಗ್ರೇಲಿಂಗನ್ನೂ ವಾಪಸ್ ಬಿಡಬೇಕು ಎಂದಿತ್ತು. ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದರು, “ಬಿಡೋದಾದ್ರೆ ಹಿಡಿಯೋದ್ಯಾಕೋ?” ಇವತ್ತಿಗೂ ಉತ್ತರ ಕೊಟ್ಟಿಲ್ಲ.

ಜಾಗ ಲಂಗೊಲೆನ್. ಆ ಹೆಸರಿನ ಎರಡು ‘ಲ’ಗಳನ್ನು ಅಲ್ಲಿಯವರು ನಾಲಿಗೆಯ ಪಕ್ಕದಿಂದ ಗಾಳಿ ಬಿಟ್ಟು ಹೇಳುತ್ತಾರೆ. ನಮ್ಮ ಅಕ್ಷರಮಾಲೆಯಲ್ಲಿ ಅದಕ್ಕೆ ಅಕ್ಷರ ಇಲ್ಲ, ಒದ್ದಾಡಬೇಡಿ. ಮ್ಯಾಂಚೆಸ್ಟರ್‌ನಿಂದ ಕಾರಿನಲ್ಲಿ ಒಂದೂವರೆ ಗಂಟೆ. ರೈಲಾದರೆ ರುಆಬನ್ ಸ್ಟೇಷನ್‌ನಲ್ಲಿ ಇಳಿದು ಬಸ್ಸು. ಊರಿನ ನಡುವೆಯೇ ನದಿ ಬಂಡೆಗಳ ಮೇಲೆ ಗದ್ದಲ ಮಾಡಿಕೊಂಡು ಹರಿಯುತ್ತದೆ. ಅಲ್ಲಿಂದ ಮೇಲಕ್ಕೆ, 16 ಕಿಲೋಮೀಟರ್ ದೂರದ ಕಾರ್ವೆನ್ ಊರಿನ ಕಡೆ ಹೋದರೆ ನೀರು ಸ್ವಲ್ಪ ಸಾವಧಾನ. ಹೊಸಬರಿಗೆ ಅದೇ ವಾಸಿ.

ಕಣಿವೆಯ ದಕ್ಷಿಣಕ್ಕೆ ಬೆರ್ವಿನ್ ಬೆಟ್ಟಗಳಿವೆ. ಚಳಿಗಾಲದ ಸೂರ್ಯ ದಕ್ಷಿಣದಲ್ಲೇ ತಗ್ಗಾಗಿ ಓಡಾಡುವುದರಿಂದ ಕೆಲವು ಮಡುಗಳಿಗೆ ಬಿಸಿಲು ಬೀಳುವುದೇ ಇಲ್ಲ. ಜಾಗ ಆರಿಸುವಾಗ ಇದನ್ನು ನೋಡಿಕೊಳ್ಳಿ. ಮಧ್ಯಾಹ್ನ ಎರಡು ಗಂಟೆ ಬಿಸಿಲು ಬೀಳುವ ದಡಕ್ಕೂ, ದಿನವಿಡೀ ಇಬ್ಬನಿ ಹೆಪ್ಪುಗಟ್ಟಿದ ದಡಕ್ಕೂ ನಿಮ್ಮ ಬೆನ್ನಿಗೆ ಗೊತ್ತಾಗುವಷ್ಟು ವ್ಯತ್ಯಾಸ ಇದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಡೀ ನದಿಯ ನೀರಿನ ಮಟ್ಟವನ್ನು ಮೇಲಿನ ಜಲಾಶಯಗಳಿಂದ ಹತೋಟಿಯಲ್ಲಿಡುತ್ತಾರೆ. ಅವುಗಳಲ್ಲಿ ಒಂದು ಲಿನ್ ಕೆಲಿನ್. ಲಿವರ್‌ಪೂಲ್ ನಗರದ ನೀರಿಗಾಗಿ ಕಟ್ಟಿದ್ದು. 1965ರಲ್ಲಿ ಕ್ಯಾಪೆಲ್ ಕೆಲಿನ್ ಅನ್ನೋ ಹಳ್ಳಿ ಶಾಲೆ, ಪ್ರಾರ್ಥನಾ ಮಂದಿರದ ಸಮೇತ ಅದರಲ್ಲಿ ಮುಳುಗಿತು. ವೇಲ್ಸ್‌ನ ಗೋಡೆಗಳ ಮೇಲೆ ಆ ಹಳ್ಳಿ ಇದ್ದ ಕಣಿವೆಯ ಹೆಸರು ಹಿಡಿದು ‘ಟ್ರಿವೆರಿನ್ ಕಣಿವೆಯನ್ನು ಮರೆಯಬೇಡಿ’ ಎಂದು ಅವರ ಭಾಷೆಯಲ್ಲಿ ಇನ್ನೂ ಬರೆಯುತ್ತಾರೆ. ನಾನು ಸಾಗರದ ಕಡೆಯವನು. ಲಿಂಗನಮಕ್ಕಿ ಅಣೆಕಟ್ಟು ಎದ್ದದ್ದು 1964ರಲ್ಲಿ. ನಮ್ಮ ಅಜ್ಜಿಯ ತವರು ಆ ನೀರಿನ ಕೆಳಗಿದೆ. ಕಾರ್ವೆನ್‌ನಲ್ಲಿ ಸಿಕ್ಕ ಒಬ್ಬ ಮುದುಕರಿಗೆ ಇದನ್ನು ಹೇಳಿದೆ. ಅವರು ಏನೂ ಹೇಳಲಿಲ್ಲ. ನನ್ನ ಗಾಳದ ಡಬ್ಬಿ ಇಸಿದುಕೊಂಡು, ಅದರಲ್ಲಿ ಇದ್ದದ್ದೆಲ್ಲ ತಪ್ಪು ಎಂದು ತೋರಿಸಿ, ತಮ್ಮದರಿಂದ ನಾಲ್ಕು ಕೊಟ್ಟರು.

ಆ ನಾಲ್ಕರಲ್ಲಿ ಎರಡು ಫ್ರಾಂಕ್ ಸಾಯರ್ ಮಾದರಿಯವು. ಸಾಯರ್ ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರರಾಗಿದ್ದವರು. ಗ್ರೇಲಿಂಗ್‌ಗೆಂದೇ ಒಂದು ಕೃತಕ ಹುಳ ಕಟ್ಟಿದರು: ಗಾಳಕ್ಕೆ ತಂತಿ, ಅದರ ಮೇಲೆ ಮಣ್ಣು ಬಣ್ಣದ ಉಣ್ಣೆ ನೂಲು. ಅವರು ಬಳಸಿದ್ದು ಚಾಡ್ವಿಕ್ 477 ಅನ್ನೋ ನೂಲು. ಅದು ಇದ್ದದ್ದು ಹರಿದ ಬಟ್ಟೆ, ಕಾಲುಚೀಲಕ್ಕೆ ತೇಪೆ ಹಾಕಲು! ಈಗ ಆ ನೂಲು ತಯಾರಾಗುವುದಿಲ್ಲ. ಅದನ್ನು ಸುತ್ತಿಟ್ಟ ಹಳೆಯ ಕಾರ್ಡು ಸಿಕ್ಕರೆ ಗಾಳದ ಹುಚ್ಚಿನವರು ಕೇಳಿದಷ್ಟು ಕೊಡುತ್ತಾರಂತೆ. ಇನ್ನೆರಡು ಗುಲಾಬಿ ಬಣ್ಣದವು, ತಲೆಗೆ ಟಂಗ್‌ಸ್ಟನ್ ಮಣಿ ಪೋಣಿಸಿದ್ದು. ಮಣಿಯ ಭಾರಕ್ಕೆ ಗಾಳ ತಳ ಮುಟ್ಟುತ್ತದೆ. ಚಳಿಗಾಲದಲ್ಲಿ ತಳ ಮುಟ್ಟದ ಗಾಳದಿಂದ ಹೆಚ್ಚು ಪ್ರಯೋಜನ ಇಲ್ಲ.

ದಿನ ಆರಿಸುವುದು ಇವೆಲ್ಲಕ್ಕಿಂತ ಮುಖ್ಯ. ಡಿಸೆಂಬರ್‌ನ ನನ್ನ ಇನ್ನೊಂದು ತಪ್ಪು ಅದೇ. ವಾರವಿಡೀ ಹಿಮ ಬಿದ್ದು, ಭಾನುವಾರ ಬಿಸಿಲು ಬಂತು. ಆಹಾ, ಒಳ್ಳೆ ದಿನ ಅಂತ ಹೊರಟೆ. ಆದರೆ ಬಿಸಿಲಿಗೆ ಬೆಟ್ಟದ ಹಿಮ ಕರಗಿ ನದಿಗೆ ಬರುತ್ತಿರುತ್ತದೆ. ನೀರು ಇನ್ನಷ್ಟು ತಣ್ಣಗಾಗಿ ಮೀನು ಬಾಯಿ ಬಿಡುವುದೇ ಇಲ್ಲ. ಅದಕ್ಕಿಂತ ಮೂರು ನಾಲ್ಕು ದಿನದಿಂದ ಒಂದೇ ಸಮ ಒಣ ಚಳಿ ಇದ್ದು, ನೀರು ತಿಳಿಯಾಗಿ ತಗ್ಗಿರುವ ದಿನ ಹೋಗಿ. ಹೊರಗೆ ಸೊನ್ನೆಗಿಂತ ಕೆಳಗಿದ್ದರೂ ಪರವಾಗಿಲ್ಲ. ವೇಲ್ಸ್‌ನ ನದಿಗಳ ಮಟ್ಟ ಆನ್‌ಲೈನ್‌ನಲ್ಲೇ ಸಿಗುತ್ತದೆ. ಹಿಂದಿನ ರಾತ್ರಿ ಒಮ್ಮೆ, ಹೊರಡುವ ಮುಂಚೆ ಒಮ್ಮೆ ನೋಡಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಮನೆಯಲ್ಲೇ ಇರಿ.

ಜನವರಿಯಲ್ಲಿ ಅಲ್ಲಿ 8:20ರ ಸುಮಾರಿಗೆ ಬೆಳಕು, 4:15ಕ್ಕೆಲ್ಲ ಸೂರ್ಯ ಮುಳುಗಿದ. ನಾನು ನೀರಿಗೆ ಇಳಿದದ್ದು 11 ಗಂಟೆಗೆ, ಮೇಲೆ ಬಂದದ್ದು 2:30ಕ್ಕೆ. ನಡುವೆ ಎರಡು ಸಲ ದಡ ಹತ್ತಿ ಓಡಾಡಿದೆ. ಏಳರಲ್ಲಿ ಆರು ಮೀನು ಸಿಕ್ಕಿದ್ದು 12ರಿಂದ 2ರ ಒಳಗೆ. ಬೆಳಿಗ್ಗೆ ಬೇಗ ಏಳಬೇಕು ಅನ್ನೋ ಗಾಳಗಾರರ ಶಾಸ್ತ್ರ ಇಲ್ಲಿ ನಡೆಯುವುದಿಲ್ಲ. ತಿಂಡಿ ತಿಂದು ನಿಧಾನಕ್ಕೆ ಹೊರಡಿ.

ಬಟ್ಟೆ ವಿಷಯಕ್ಕೆ, ಮೈಗೆ ತಾಗುವುದು ಉಣ್ಣೆ ಇರಲಿ, ಹತ್ತಿ ಬೇಡ. ಹತ್ತಿ ಬೆವರು ಹೀರಿ ತಣ್ಣಗಾಗಿ ಮೈಗೆ ಅಂಟುತ್ತದೆ. ಎದೆವರೆಗಿನ ವೇಡರ್ (ನೀರಿಗಿಳಿಯಲು ಹಾಕುವ, ನೀರು ಒಳಬಿಡದ ಉಡುಪು) ಹಾಕಿದರೆ ಸೊಂಟಕ್ಕೆ ಬೆಲ್ಟ್ ಕಟ್ಟಲೇಬೇಕು. ನಾನು ಬಿದ್ದ ದಿನ ಒಳಗೆ ನೀರು ತುಂಬದೆ ಉಳಿದದ್ದು ಅದರಿಂದ. ಬೂಟಿನ ತಳ ಫೆಲ್ಟ್, ಅಂದರೆ ಒತ್ತಿ ಮಾಡಿದ ದಪ್ಪ ಬಟ್ಟೆಯದ್ದಾಗಿದ್ದರೆ ದಡದ ಹಿಮ ಅದಕ್ಕೆ ಉಂಡೆಕಟ್ಟಿ ಅಂಟಿಕೊಳ್ಳುತ್ತದೆ, ಹೈಹೀಲ್ಸ್ ಹಾಕಿದ ಹಾಗೆ ನಡೆಯಬೇಕು. ಮೊಳೆ ಹೊಡೆದ ರಬ್ಬರ್ ತಳ ಒಳ್ಳೆಯದು. ಕೈಯಲ್ಲಿ ಊರುಗೋಲು ಇರಲಿ. ತೊಡೆಗಿಂತ ಆಳಕ್ಕೆ ಇಳಿಯಬೇಡಿ, ಒಬ್ಬರೇ ಹೋಗಬೇಡಿ. ನನ್ನ ಜೊತೆ ಪುತ್ತೂರಿನ ಗೆಳೆಯ ಬಂದಿದ್ದ. ಗಾಳ ಮುಟ್ಟುವವನಲ್ಲ. ದಡದಲ್ಲಿ ಕುರ್ಚಿ ಹಾಕಿ ಕಂಬಳಿ ಹೊದ್ದು, “ಮಾರಾಯಾ, ದುಡ್ಡು ಕೊಟ್ಟು ಈ ಚಳಿ ತಿನ್ಲಿಕ್ಕೆ ಬರೋದಾ?” ಎಂದು ಗಂಟೆಗೊಮ್ಮೆ ಕೇಳುತ್ತಿದ್ದ. ಕೇಳಲಿ. ಆ ದನಿ ಕಿವಿಗೆ ಬೀಳುತ್ತಿರುವಷ್ಟು ದೂರದಲ್ಲೇ ನಾನೂ ಇದ್ದೆ.

ಎಲ್ಲಿ ಹುಡುಕಬೇಕು? ಈ ಮೀನು ಚಳಿಗಾಲದಲ್ಲಿ ಗುಂಪಾಗಿ ಇರುತ್ತದೆ. ನೊರೆ ಏಳುವ ನೀರೂ ಬೇಡ, ನಿಂತ ನೀರೂ ಬೇಡ. ನಾವು ನಡೆಯುವಷ್ಟು ವೇಗದಲ್ಲಿ ಹರಿಯುವ, ಸೊಂಟದುದ್ದ ಆಳದ ಜಾಗ ನೋಡಿ. ಒಂದು ಸಿಕ್ಕಿದರೆ ಅಲ್ಲೇ ನಿಲ್ಲಿ, ಇನ್ನೂ ಇರುತ್ತವೆ. ಆ ಮುದುಕರು ದಡದಿಂದ ಕೂಗಿ ಹೇಳಿದ ಒಂದೇ ಮಾತು, “ಮೀನು ನಿನ್ನ ಕಾಲಬುಡದಲ್ಲಿದೆ, ಅಷ್ಟು ದೂರ ಯಾಕೆ ಎಸೀತೀಯ?” ಅಷ್ಟೇ, ಎರಡು ಗಾಳದ ಕೋಲಿನಷ್ಟು ದೂರ ಸಾಕು. ಕೋಲು ಎತ್ತಿ ಹಿಡಿದು, ದಾರ ನೀರ ಮೇಲೆ ಬೀಳದ ಹಾಗೆ, ಗಾಳವನ್ನು ತಳದಲ್ಲಿ ಹರಿವಿನ ಜೊತೆಗೇ ನಡೆಸಬೇಕು. ದಾರದ ನಡುವೆ ಗೇಣುದ್ದ ಕೇಸರಿ ತುಂಡು ಕಟ್ಟಿರುತ್ತಾರೆ. ಊರಲ್ಲಿ ಬೆಂಡು ನೋಡಿದ ಹಾಗೆ ಇಲ್ಲಿ ಅದನ್ನು ನೋಡುವುದು. ಬೆಂಡು ಗುಳಕ್ಕೆಂದು ಮುಳುಗುತ್ತದೆ, ಇದು ಹಾಗಲ್ಲ. ಸುಮ್ನೆ ಒಂದು ಕ್ಷಣ ತಡೆಯುತ್ತದೆ, ಅಷ್ಟೇ. ಕಲ್ಲಿಗೆ ತಾಗಿತೇನೋ ಅನ್ನಿಸುತ್ತದೆ. ಎತ್ತಿ ನೋಡಿ. ಹತ್ತರಲ್ಲಿ ಒಂಬತ್ತು ಸಲ ಕಲ್ಲೇ.

ಹತ್ತನೆಯದು ಕಲ್ಲಾಗಿರಲಿಲ್ಲ. ಎಳೆಯುವುದಕ್ಕಿಂತ ಜಾಸ್ತಿ ಅದು ನೀರಿನೊಳಗೆ ಮೈ ತಿರುಚುತ್ತಿತ್ತು. ಆ ದೊಡ್ಡ ರೆಕ್ಕೆಯನ್ನು ಹರಿವಿಗೆ ಅಡ್ಡ ಬಿಚ್ಚಿ ನಿಂತರೆ ಅಂಗೈಯಗಲದ ಮೀನು ಬಂಡೆಯಷ್ಟು ಭಾರ. ಬಲೆಗೆ ಬಂದ ಮೇಲೆ ನೀರೊಳಗೇ ಇಟ್ಟು ನೋಡಿದೆ. ರೆಕ್ಕೆಯ ಮೇಲೆ ಸಾಲು ಸಾಲು ಕಪ್ಪು ಚುಕ್ಕೆ, ಅಂಚಿಗೆ ನೇರಳೆ ಕಲೆಸಿದ ಕೆಂಪು. ಕಣ್ಣಿನ ಪಾಪೆ ಗುಂಡಗಿಲ್ಲ, ನೀರಿನ ಹನಿಯ ಹಾಗೆ ಮುಂದಕ್ಕೆ ಚೂಪು. ಈ ಮೀನಿಗೆ ಥೈಮ್ ಸೊಪ್ಪಿನ ವಾಸನೆ ಇದೆ ಎಂದು ಅದರ ಲ್ಯಾಟಿನ್ ಹೆಸರನ್ನೇ ಹಾಗೆ ಇಟ್ಟಿದ್ದಾರೆ. ನಮ್ಮ ಓಮದಲ್ಲಿ ಘಮ್ಮೆನ್ನುವುದೂ ಥೈಮ್‌ನಲ್ಲಿರುವ ಥೈಮಾಲ್ ಅನ್ನೋ ಅಂಶವೇ. ಹಾಗಾಗಿ ಓಮದ ವಾಸನೆ ಬರುತ್ತೇನೋ ಎಂದು ಬಗ್ಗಿ ಮೂಸಿದೆ. ನನಗೆ ಬಂದದ್ದು ಆಗಷ್ಟೇ ಹೆಚ್ಚಿದ ಸೌತೆಕಾಯಿಯ ವಾಸನೆ. ದಡದಿಂದ ಗೆಳೆಯ ಕೇಳಿದ, “ಮೀನು ಮೂಸ್ತಾ ಇದ್ದೀಯಾ ಮಾರಾಯಾ?”

ಫೋಟೊ ಆಸೆಗೆ ಮೀನನ್ನು ಮೇಲೆತ್ತಿ ಹಿಡಿಯಬೇಡಿ. ಹೊರಗಿನ ಗಾಳಿ ಸೊನ್ನೆಗಿಂತ ಕೆಳಗಿದ್ದರೆ ಒದ್ದೆ ಕಿವಿರು ಹೆಪ್ಪುಗಟ್ಟಬಹುದು. ಹಿಂಮುಳ್ಳು ಇಲ್ಲದ ಗಾಳವಾದರೆ ನೀರಲ್ಲೇ ಕಳಚಿಕೊಳ್ಳುತ್ತದೆ. ತುಟಿ ಮೆತ್ತಗೆ, ಹುಷಾರಾಗಿ ಬಿಡಿಸಿ. ಬಲೆಯಲ್ಲಿ ತಲೆಯನ್ನು ಹರಿವಿಗೆ ಎದುರಾಗಿ ಇಟ್ಟು, ಅದು ತಾನಾಗಿ ಹೋಗುವವರೆಗೆ ಕಾಯಿರಿ. ಟ್ರೌಟ್‌ಗಿಂತ ಇದಕ್ಕೆ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಆಮೇಲೆ ಕೂಡಲೇ ಕೈ ಒರೆಸಿಕೊಳ್ಳಿ. ಕೊರಳಿಗೆ ಒಂದು ಸಣ್ಣ ಟವೆಲ್, ಜೇಬಲ್ಲಿ ಇನ್ನೊಂದು ಜೊತೆ ಕೈಗವಸು. ಒದ್ದೆ ಕೈಯನ್ನು ಗವಸಿನೊಳಗೆ ತುರುಕಿದರೆ ಎರಡೂ ಹೋದವು.

ಕೋಲಿನ ಉಂಗುರಗಳಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ದಾರ ಸಿಕ್ಕಿಕೊಳ್ಳುತ್ತದೆ. ಉಗುರಿನಿಂದ ಕೀಳಲು ಹೋಗಿ ಕೋಲಿನ ತುದಿ ಮುರಿದವರನ್ನು ನೋಡಿದ್ದೇನೆ. ಕೋಲನ್ನು ನದಿಯಲ್ಲಿ ಅದ್ದಿ. ಗಾಳಿಗಿಂತ ನೀರು ಬೆಚ್ಚಗಿರುವುದರಿಂದ ಅರ್ಧ ನಿಮಿಷದಲ್ಲಿ ಕರಗುತ್ತದೆ. ರೀಲು ಮಾತ್ರ ಒದ್ದೆಯಾಗಬಾರದು. ಬಲೆಯೂ ದಡದಲ್ಲಿಟ್ಟರೆ ಹಪ್ಪಳದ ಹಾಗೆ ಸೆಟೆಯುತ್ತದೆ.

ಇನ್ನೊಂದು ವಿಷಯ, ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಈ ಚಳಿಯ ತಿಂಗಳುಗಳಲ್ಲಿ ಸಾಲ್ಮನ್ ಜಲ್ಲಿಕಲ್ಲಿನ ನಡುವೆ ಮೊಟ್ಟೆ ಹೂತಿಟ್ಟಿರುತ್ತದೆ. ತಳದಲ್ಲಿ ಸುತ್ತಲಿನದಕ್ಕಿಂತ ಬೆಳ್ಳಗೆ, ಯಾರೋ ತೊಳೆದಿಟ್ಟ ಹಾಗೆ ಕಾಣುವ ಜಲ್ಲಿ ಗುಪ್ಪೆ ಕಂಡರೆ ಸುತ್ತು ಹಾಕಿ ಹೋಗಿ. ಕಾಲಿಟ್ಟರೆ ಮೊಟ್ಟೆಗಳು ಹೋದ ಹಾಗೆಯೇ.

2:30ಕ್ಕೆ ಮೇಲೆ ಬಂದಾಗ ಕಾಲು ಬೆಚ್ಚಗಿತ್ತು. ಆದರೆ ಬೂಟಿನ ದಾರ ಹೆಪ್ಪುಗಟ್ಟಿ ಗಂಟು ಕಬ್ಬಿಣವಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚೋಣವೆಂದರೆ ಬಗ್ಗಲು ವೇಡರ್ ಬಿಡದು. ಗೆಳೆಯ ಫ್ಲಾಸ್ಕಿನಲ್ಲಿ ಉಳಿದಿದ್ದ ಶುಂಠಿ ಕಷಾಯವನ್ನು ಗಂಟಿನ ಮೇಲೆ ಹುಯ್ದ, ಬಿಚ್ಚಿಕೊಂಡಿತು. ಬೂಟು ಒಂದು ವಾರ ಶುಂಠಿ ನಾರುತ್ತಿತ್ತು. ನೀವು ಒಂದು ಫ್ಲಾಸ್ಕಿನಲ್ಲಿ ಬರೀ ಬಿಸಿನೀರು ಇಟ್ಟುಕೊಳ್ಳಿ, ಬೆಲ್ಲ ಹಾಕದ್ದು.