ಅಳತೆ ಬರಹಕ್ಕೆ, ಬಣ್ಣ ವಿಡಿಯೊಗೆ

ಕೊಳೆರೋಗ ಬಾರದಂತೆ ಮುಂಗಾರಿಗೆ ಮುಂಚೆ ಅಡಿಕೆ ಕೊನೆಗಳಿಗೆ ಹೊಡೆಯುವ ಬೋರ್ಡೊ ದ್ರಾವಣವನ್ನೇ ತೆಗೆದುಕೊಳ್ಳಿ. ಶೇ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ, 100 ಲೀಟರ್ ನೀರು. ಇದನ್ನು ವಿಡಿಯೊದಲ್ಲಿ ಮಾತ್ರ ಹೇಳಿದರೆ, ಡ್ರಮ್ಮಿನ ಮುಂದೆ ನಿಂತವರು ಒದ್ದೆ ಕೈಯಲ್ಲಿ ಫೋನ್ ಹಿಡಿದು ಹಿಂದೆ ಮುಂದೆ ಎಳೆಯುತ್ತಾ ಆ ಒಂದು ಅಂಕಿಗಾಗಿ ಹುಡುಕಬೇಕು. ಬ್ಲಾಗಿನಲ್ಲಿ ಮಾತ್ರ ಬರೆದರೆ, ‘ಆಕಾಶನೀಲಿ ಬಣ್ಣ ಬರಬೇಕು’ ಎಂಬಲ್ಲಿ ಓದುಗರು ನಿಂತುಬಿಡುತ್ತಾರೆ. ಯಾವ ಆಕಾಶ? ಮೇ ತಿಂಗಳದ್ದೋ, ಜೂನಿನದ್ದೋ?

ಒಂದೇ ವಿಷಯಕ್ಕೆ ಬರಹ, ವಿಡಿಯೊ ಎರಡನ್ನೂ ಮಾಡುವವರು ಮೊದಲು ಪಾಲು ಹಂಚಿಕೊಳ್ಳಬೇಕು. ತಿರುಗಿ ತಿರುಗಿ ನೋಡಬೇಕಾದ ಅಳತೆ, ಹೆಸರು, ಬೆಲೆ, ಅನುಕ್ರಮ ಎಲ್ಲ ಬರಹಕ್ಕೆ. ಕೈಯ ಚಲನೆ, ಬಣ್ಣ, ಹದ, ಸದ್ದು ವಿಡಿಯೊಗೆ. ಇದಕ್ಕೆ ಇನ್ನೊಂದು ಕಾರಣವೂ ಇದೆ. ಬ್ಲಾಗಿನಲ್ಲಿ ಅಂಕಿ ತಪ್ಪಿದರೆ ಎರಡು ನಿಮಿಷದಲ್ಲಿ ತಿದ್ದಬಹುದು. ಯೂಟ್ಯೂಬ್‌ಗೆ ಏರಿಸಿದ ವಿಡಿಯೊದ ಜಾಗದಲ್ಲಿ, ಅದೇ ಕೊಂಡಿಗೆ, ಬೇರೆ ಕಡತ ಕೂರಿಸಲು ಬರುವುದಿಲ್ಲ. ಒಂದು ತುಂಡನ್ನು ಕತ್ತರಿಸಿ ತೆಗೆಯಬಹುದು, ಮಸುಕು ಮಾಡಬಹುದು, ಅಷ್ಟೆ. ಬಾಯಿತಪ್ಪಿ 10 ಲೀಟರ್ ಎಂದದ್ದು 100 ಲೀಟರ್ ಆಗುವುದಿಲ್ಲ.

ಬರಹವನ್ನು ಓದಿಬಿಟ್ಟರೆ ಸ್ಕ್ರಿಪ್ಟ್ ಆಗದು

ಬ್ಲಾಗಿನ ವಾಕ್ಯ ಹೀಗಿರುತ್ತದೆ: ‘50 ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕರಗಿಸಿಟ್ಟುಕೊಂಡ ಮೈಲುತುತ್ತಿನ ದ್ರಾವಣವನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು.’ ಓದಲು ಏನೂ ತೊಂದರೆಯಿಲ್ಲ. ಕೇಳುವವರಿಗೆ ಮಾತ್ರ ಕ್ರಿಯಾಪದ ಬರುವಷ್ಟರಲ್ಲಿ ಯಾವುದನ್ನು ಯಾವುದಕ್ಕೆ ಎಂಬುದೇ ಕೈಬಿಟ್ಟುಹೋಗಿರುತ್ತದೆ. ಕಣ್ಣು ಹಿಂದಿನ ಸಾಲಿಗೆ ಹೋಗಿಬರಬಲ್ಲದು, ಕಿವಿಗೆ ಆ ಸೌಲಭ್ಯವಿಲ್ಲ. ಅದೇ ಮಾತು ವಿಡಿಯೊದಲ್ಲಿ ಹೀಗೆ ಬರಬೇಕು: ‘ಮೈಲುತುತ್ತು ಇಲ್ಲಿದೆ, 50 ಲೀಟರ್ ನೀರಲ್ಲಿ ಕರಗಿದೆ. ಸುಣ್ಣದ ನೀರು ಆ ಡ್ರಮ್ಮಲ್ಲಿದೆ. ಇದನ್ನ ಅದಕ್ಕೆ ಹುಯ್ಯೋದು. ಅದನ್ನ ಇದಕ್ಕಲ್ಲ.’ ನಾಲ್ಕು ಚಿಕ್ಕ ವಾಕ್ಯ. ‘ಇದು’, ‘ಅದು’ ಎಂಬ ಬೆರಳು ತೋರಿಸುವ ಪದಗಳು ಬರಹದಲ್ಲಿ ದೋಷ, ಇಲ್ಲಿ ಅವೇ ಆಸ್ತಿ.

ಸ್ಪಷ್ಟವಾಗಿ ಮಾತಾಡಿದರೆ ಕನ್ನಡದಲ್ಲಿ ನಿಮಿಷಕ್ಕೆ ಸುಮಾರು 100 ಪದ ಎಂದು ಹಿಡಿಯಿರಿ. ಕನ್ನಡದ ಪದಗಳು ಉದ್ದ, ಇಂಗ್ಲಿಷಿನ 150ರ ಲೆಕ್ಕ ನಮಗೆ ಹೊಂದುವುದಿಲ್ಲ. 1,000 ಪದದ ಬ್ಲಾಗನ್ನು ಹಾಗೇ ಓದಿದರೆ 10 ನಿಮಿಷ. ಅಳತೆ, ಪೀಠಿಕೆ, ಎಚ್ಚರಿಕೆಗಳನ್ನು ಬರಹಕ್ಕೇ ಬಿಟ್ಟರೆ 4 ನಿಮಿಷದೊಳಗೆ ಮುಗಿಯುತ್ತದೆ. ‘ನಮಸ್ಕಾರ ವೀಕ್ಷಕರೇ, ನಮ್ಮ ಚಾನೆಲ್‌ಗೆ ಸ್ವಾಗತ’ದಿಂದ ಶುರುವಾಗುವ 40 ಸೆಕೆಂಡನ್ನು ಪೂರ್ತಿ ಕಿತ್ತುಹಾಕಿ. ಅಷ್ಟರಲ್ಲಿ ನೋಡುವವರು ಮುಂದಿನ ವಿಡಿಯೊದಲ್ಲಿರುತ್ತಾರೆ.

ಮೊದಲು ಸದ್ದು, ಆಮೇಲೆ ಚಿತ್ರ

ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಇಲ್ಲ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಜೋರಾಗಿ ಮಾತಾಡಿದಾಗಲೂ ಮೀಟರ್ -6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. 0 ಮುಟ್ಟಿ ಒಡೆದ ಧ್ವನಿಯನ್ನು ಸರಿಮಾಡುವುದು ಹೆಚ್ಚುಕಮ್ಮಿ ಅಸಾಧ್ಯ. ಮಾತು ಶುರುಮಾಡುವ ಮುಂಚೆ 10 ಸೆಕೆಂಡ್ ಸುಮ್ಮನಿದ್ದು ಖಾಲಿ ಸದ್ದನ್ನು ರೆಕಾರ್ಡ್ ಮಾಡಿ. ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದ ನಾಯ್ಸ್ ರಿಡಕ್ಷನ್‌ಗೆ ಆ ತುಂಡನ್ನೇ ಮಾದರಿಯಾಗಿ ಕೊಟ್ಟು, ಆಮೇಲೆ ಇಡೀ ಧ್ವನಿಯನ್ನು ಆಯ್ದು ಗದ್ದಲವನ್ನು 12 ಡೆಸಿಬೆಲ್‌ನಷ್ಟು ಇಳಿಸಿದರೆ ಫ್ಯಾನಿನ ಗುಂಯ್ ಹೋಗುತ್ತದೆ. ಆಸೆಪಟ್ಟು 25ಕ್ಕೆ ಒಯ್ದರೆ ಮಾತು ನೀರಿನೊಳಗಿಂದ ಬಂದಂತಾಗುತ್ತದೆ. ತಗಡಿನ ಶೀಟಿನ ಮೇಲೆ ಬೀಳುವ ಮಳೆ, ಸ್ಪ್ರೇ ಪಂಪಿನ ಇಂಜಿನ್, ಇವೆರಡಕ್ಕೂ ಈ ಮದ್ದು ನಾಟುವುದಿಲ್ಲ. ಆ ಸದ್ದು ಮಾತಿನ ಸ್ವರಗಳ ಮೇಲೆಯೇ ಹರಡಿರುತ್ತದೆ. ಅಲ್ಲಿ ಚಿತ್ರ ಮಾತ್ರ ತೆಗೆದುಕೊಂಡು, ಮಾತನ್ನು ಮನೆಯೊಳಗೆ ಬೇರೆಯಾಗಿ ರೆಕಾರ್ಡ್ ಮಾಡಿ ಕೂಡಿಸುವುದೇ ಮೇಲು.

ಚಿತ್ರದಲ್ಲಿ ಮೂರು ಕಡೆ ಕೆಡುತ್ತದೆ. ಮೊದಲನೆಯದು ಬಣ್ಣ. ಬಿಳಿ ಬಿಳಿಯಾಗಿಯೇ ಕಾಣಲೆಂದು ಬಣ್ಣ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಫೋನ್ ತಾನಾಗಿ ಬದಲಿಸುತ್ತಿರುತ್ತದೆ. ನೀಲಿ ದ್ರಾವಣ ಚೌಕಟ್ಟು ತುಂಬಿದ ಕೂಡಲೇ ಆ ನೀಲಿಯನ್ನೇ ಸಪ್ಪೆ ಮಾಡಿಬಿಡುತ್ತದೆ. ತೋರಿಸಲು ಹೊರಟದ್ದೇ ಆ ಬಣ್ಣ! ಪ್ರೋ ಮೋಡ್‌ಗೆ ಹೋಗಿ ಹಗಲು ಬೆಳಕಿಗೆ 5500 ಕೆಲ್ವಿನ್ ಆಸುಪಾಸು ಇಟ್ಟು ಬೀಗ ಹಾಕಿ. ಪಕ್ಕದಲ್ಲೊಂದು ಬಿಳಿ ಕಾಗದ ಇಟ್ಟರೆ ನೋಡುವವರ ಕಣ್ಣಿಗೂ ಆಧಾರ ಸಿಗುತ್ತದೆ. ಚಾಕು ಪರೀಕ್ಷೆಯ ದೃಶ್ಯಕ್ಕಂತೂ ಇದು ಬೇಕೇ ಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಅಂಟಿದ್ದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪು ತೀರಾ ತೆಳು. ಅಲಗನ್ನು ಕ್ಯಾಮೆರಾದ ಹತ್ತಿರ 5 ಸೆಕೆಂಡಾದರೂ ಅಲ್ಲಾಡಿಸದೆ ಹಿಡಿಯಬೇಕು. ಅದ್ದಿದ ಒಂದು ನಿಮಿಷವನ್ನು ಮಾತ್ರ ಕತ್ತರಿಸಿ ಎಸೆಯಿರಿ.

ಎರಡನೆಯದು ದೀಪದ ಮಿಣುಕು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕ್ಯಾಮೆರಾದ ಶಟರ್ ವೇಗ 1/60 ಸೆಕೆಂಡಿನಲ್ಲಿದ್ದರೆ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. 1/50 ಅಥವಾ 1/100 ಇಟ್ಟರೆ ನಿಲ್ಲುತ್ತದೆ. ಮೂರನೆಯದು ತುಟಿಗೂ ಮಾತಿಗೂ ತಾಳ ತಪ್ಪುವುದು. ಫೋನುಗಳು ಬೆಳಕು ನೋಡಿಕೊಂಡು ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ಏರಿಳಿಸುತ್ತವೆ, ಎಡಿಟಿಂಗ್ ತಂತ್ರಾಂಶ ಅದು ಸ್ಥಿರ ಎಂದುಕೊಳ್ಳುತ್ತದೆ. ಹತ್ತನೇ ನಿಮಿಷದ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಎಡಿಟಿಂಗ್‌ಗೆ ಮುಂಚೆ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಕದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಒಮ್ಮೆ ಪರಿವರ್ತಿಸಿಕೊಳ್ಳಿ.

ಏರಿಸುವ ಕಡತಕ್ಕೆ 1080ಪಿ, ಸೆಕೆಂಡಿಗೆ 8 ಮೆಗಾಬಿಟ್ ಸಾಕು. ನಿಮಿಷಕ್ಕೆ 60 ಎಂಬಿ, 10 ನಿಮಿಷಕ್ಕೆ 600 ಎಂಬಿ ಆಯಿತು. ದಿನಕ್ಕೆ 1.5 ಜಿಬಿ ಪ್ಯಾಕಿನಲ್ಲಿ 4ಕೆ ಹುಚ್ಚು ಬೇಡ.

ಪರದೆಯ ಮೇಲೆ ಕನ್ನಡ

ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಕಡತಗಳಿಂದ ನಕಲಿಸಿದ ಪಠ್ಯ ಬ್ಲಾಗಿಗಾಗಲಿ ಯೂಟ್ಯೂಬಿಗಾಗಲಿ ಬಂದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತವೆ, ಅವು ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಿಲ್ಲ. ಪರಿವರ್ತಕದಲ್ಲಿ ಹಾಕಿ ತೆಗೆದ ಮೇಲೂ ಅರ್ಕಾವತ್ತುಗಳನ್ನು ಕಣ್ಣಿಟ್ಟು ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ. ‘ಕಾರ್ಯ’ದಂಥ ಪದಗಳು ಅಲ್ಲೇ ಎಡವುತ್ತವೆ.

ಪ್ರೀಮಿಯರ್ ಪ್ರೋ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು ಪಕ್ಕಪಕ್ಕ ನಿಂತರೆ ಫಾಂಟನ್ನು ಬೈಯಬೇಡಿ. ಪ್ರಿಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗದಲ್ಲಿ ಟೆಕ್ಸ್ಟ್ ಎಂಜಿನನ್ನು ‘ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ಗೆ ಬದಲಿಸಬೇಕು. ಅಂಥ ಆಯ್ಕೆಯೇ ಇಲ್ಲದ ತಂತ್ರಾಂಶವಾದರೆ ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಬರೆದು, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಕೂರಿಸಿ. ಥಂಬ್‌ನೇಲ್ 1280×720 ಇರಲಿ, ಪದ ಮೂರು ನಾಲ್ಕು ಸಾಕು. ದಪ್ಪ ಅಕ್ಷರಕ್ಕೆ ಬಾಲೂ ತಮ್ಮ, ಅನೇಕ್ ಕನ್ನಡ ಒಳ್ಳೆಯವು, ಉಚಿತ ಕೂಡ. ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಕೆಳ ಬಲಮೂಲೆ ಖಾಲಿ ಇರಲಿ, ಅಲ್ಲಿ ವಿಡಿಯೊದ ಅವಧಿ ಬಂದು ಕೂರುತ್ತದೆ.

ಸಬ್‌ಟೈಟಲ್ ಬರೆಯುವುದಾದರೆ ಎಸ್‌ಆರ್‌ಟಿ ಕಡತವನ್ನು ಯುಟಿಎಫ್-8ರಲ್ಲೇ ಉಳಿಸಬೇಕು. ನೋಟ್‌ಪ್ಯಾಡ್‌ನಲ್ಲಿ ‘ಆನ್ಸಿ’ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆಗಳ ಸಾಲಾಗುತ್ತದೆ, ಮುಚ್ಚಿದ ಮೇಲೆ ಹಿಂದಕ್ಕೆ ಪಡೆಯುವ ದಾರಿಯೂ ಇಲ್ಲ. ಸಮಯವನ್ನು 00:00:12,500 ಎಂದು ಅಲ್ಪವಿರಾಮ ಹಾಕಿ ಬರೆಯಿರಿ.

ಏರಿಸುವಾಗ

ವಿವರಣೆಯಲ್ಲಿ ಮೊದಲ ಎರಡು ಸಾಲಿಗೇ ಅಳತೆ ಮತ್ತು ಬ್ಲಾಗಿನ ಕೊಂಡಿ ಹಾಕಿ, ಉಳಿದದ್ದು ಮಡಚಿಕೊಂಡಿರುತ್ತದೆ. ವಿಡಿಯೊವನ್ನು ಭಾಗಗಳಾಗಿ ತೋರಿಸುವ ಅಧ್ಯಾಯಗಳು ಬರಬೇಕಾದರೆ ವಿವರಣೆಯಲ್ಲಿನ ಸಮಯದ ಪಟ್ಟಿ 0:00ರಿಂದ ಶುರುವಾಗಬೇಕು, ಕನಿಷ್ಠ ಮೂರಿರಬೇಕು, ಒಂದೊಂದೂ 10 ಸೆಕೆಂಡಿಗೆ ಕಡಿಮೆ ಇರಬಾರದು. ಇಲ್ಲಿ ಕನ್ನಡ ಅಂಕಿ ಬೇಡ. ‘ಬೋರ್ಡೊ’, ‘ಬೋರ್ಡೋ’ ಎರಡೂ ಕಾಗುಣಿತ ವಿವರಣೆಯಲ್ಲಿರಲಿ. ಇಂಗ್ಲಿಷ್ ಲಿಪಿಯಲ್ಲಿ ಹುಡುಕುವವರಿಗಾಗಿ ಅದನ್ನೂ ಒಮ್ಮೆ ಬರೆಯಿರಿ.

ಹಿನ್ನೆಲೆಗೆ ಸಿನಿಮಾ ಹಾಡು ಬೇಡವೇ ಬೇಡ. ‘30 ಸೆಕೆಂಡ್ ಬಳಸಬಹುದು’ ಎಂಬ ನಿಯಮ ಎಲ್ಲೂ ಇಲ್ಲ. ಪುರಂದರದಾಸರ ಪದಕ್ಕೆ ಹಕ್ಕುಸ್ವಾಮ್ಯವಿಲ್ಲ ನಿಜ, ಅದನ್ನು ಈಚೆಗೆ ಹಾಡಿ ಹೊರತಂದ ಧ್ವನಿಮುದ್ರಣಕ್ಕೆ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟವಾದ ಮೇಲೆ 60 ವರ್ಷ. ದ್ರಾವಣ ಕಲಕುವ ಸದ್ದೇ ಸಾಕಲ್ಲ.

ಬ್ಲಾಗಿನ ಕೊಂಡಿ

ಕನ್ನಡ ಶೀರ್ಷಿಕೆಯ ಬರಹಗಳು ಹುಡುಕಾಟದಲ್ಲಿ ಸೊರಗಲು ಅವುಗಳ ವಿಳಾಸವೂ ಒಂದು ಕಾರಣ ಇರಬಹುದು. ಬ್ಲಾಗರ್ ಎಂಬ ಬ್ಲಾಗ್ ತಾಣ ಕನ್ನಡ ಅಕ್ಷರಗಳನ್ನು ವಿಳಾಸದಿಂದ ಕೈಬಿಟ್ಟು ‘ಬ್ಲಾಗ್-ಪೋಸ್ಟ್’ ಎಂದಷ್ಟೇ ಇಡುತ್ತದೆ. ಪ್ರಕಟಿಸುವ ಮುಂಚೆಯೇ ಕಸ್ಟಮ್ ಪರ್ಮಾಲಿಂಕ್‌ನಲ್ಲಿ ಇಂಗ್ಲಿಷ್ ಲಿಪಿಯ ಮೂರು ನಾಲ್ಕು ಪದ ಕೊಡಿ. ವರ್ಡ್‌ಪ್ರೆಸ್ ಕನ್ನಡವನ್ನು ಉಳಿಸಿಕೊಳ್ಳುತ್ತದೆ, ಆದರೆ ಶೇಕಡಾ ಚಿಹ್ನೆಯ ಸಂಕೇತಗಳಾಗಿ ಬದಲಿಸಿ ಇಡುತ್ತದೆ. ಒಂದು ಕನ್ನಡ ಸಂಕೇತಕ್ಕೆ 9 ಅಕ್ಷರ, ಇರುವ ಜಾಗ 200. ‘ಮೈಲುತುತ್ತು’ ಕಣ್ಣಿಗೆ ನಾಲ್ಕೇ ಅಕ್ಷರ; ಕಂಪ್ಯೂಟರಿಗೆ ಮ, ಐತ್ವ, ಲ, ಉತ್ವ, ತ, ಉತ್ವ, ತ, ವಿರಾಮ, ತ, ಉತ್ವ ಸೇರಿ ಹತ್ತು, ಅಂದರೆ ವಿಳಾಸದಲ್ಲಿ 90. ಇಂಥ ಎರಡು ಪದ ದಾಟುತ್ತಲೇ ವಿಳಾಸ ನಡುವೆ ಕತ್ತರಿಸಿಹೋಗುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಶೇಕಡಾ ಚಿಹ್ನೆಗಳ ಜಾತ್ರೆಯಾಗುತ್ತದೆ. ಅಲ್ಲೂ ಸ್ಲಗ್ ಅನ್ನು, ಅಂದರೆ ವಿಳಾಸದ ಕೊನೆಯ ಭಾಗವನ್ನು ಕೈಯಾರೆ ಬರೆಯಿರಿ.

ಇಡೀ ವಿಡಿಯೊವನ್ನು ಬರಹದ ತಲೆಗೆ ಅಂಟಿಸುವ ಬದಲು, ಚಾಕು ಪರೀಕ್ಷೆ ಎಂದು ಬರೆದ ಸಾಲಿನ ಪಕ್ಕದಲ್ಲೇ ಆ ಕ್ಷಣದ ಕೊಂಡಿ ಕೊಡಿ. ಯೂಟ್ಯೂಬ್‌ನಲ್ಲಿ ಷೇರ್ ಒತ್ತಿ ‘ಸ್ಟಾರ್ಟ್ ಅಟ್’ಗೆ ಗುರುತು ಹಾಕಿದರೆ, ಒತ್ತಿದವರಿಗೆ ನೇರವಾಗಿ ಕೆಂಪು ಅಂಟಿದ ಅಲಗೇ ಕಾಣಿಸುತ್ತದೆ.