ಮೂರು ಕಂಪ್ಯೂಟರ್, ಒಂದೇ ಡ್ರೈವ್: ಆಟದ ಫೋಟೋ ಆರಿಸುವ ನನ್ನ ಕ್ರಮ

ಇಡೀ ರಾತ್ರಿಯ ಯಕ್ಷಗಾನದ ಆಟ ಮುಗಿದು ಬೆಳಗಾಗುವಾಗ ನನ್ನ ನಿಕಾನ್ ಕ್ಯಾಮೆರಾದ ಕಾರ್ಡ್ ತುಂಬಿರುತ್ತದೆ. ಎಲ್ಲವೂ ರಾ ಫೈಲುಗಳು, ಅಂದರೆ ಕ್ಯಾಮೆರಾ ಕಂಡದ್ದನ್ನು ತಿದ್ದದೆ ಹಾಗೇ ಇಟ್ಟಂಥವು. ನಿಕಾನ್‌ನಲ್ಲಿ ಅದಕ್ಕೆ ಎನ್‌ಇಎಫ್ ಅನ್ನುತ್ತಾರೆ. ಒಂದೊಂದೂ 25ರಿಂದ 30 ಎಂಬಿ. ಚೆಂಡೆ ಜೋರಾಗಿ ವೇಷ ಗಿರ್ಕಿ ಹೊಡೆಯುವಾಗ ಬೆರಳು ಬಟನ್ ಬಿಟ್ಟು ಏಳುವುದಿಲ್ಲ. ಒಂದೇ ಭಂಗಿಗೆ ಎಂಟು ಹತ್ತು ಫೋಟೋ ಬಂದಿರುತ್ತವೆ. ಇಟ್ಟುಕೊಳ್ಳುವಂಥದ್ದು ಅದರಲ್ಲಿ ಒಂದು. ಆ ಒಂದನ್ನು ಆರಿಸುವುದು ಫೋಟೋ ತೆಗೆದಷ್ಟೇ ದೊಡ್ಡ ಕೆಲಸ.

ನನ್ನದು ಒಂದೇ ಕಂಪ್ಯೂಟರಿನಲ್ಲಿ ಮುಗಿಯುವ ಕೆಲಸವೂ ಅಲ್ಲ. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿರುವುದು ಉಬುಂಟು ಲಿನಕ್ಸ್ ಹಾಕಿದ ಡೆಸ್ಕ್‌ಟಾಪ್. ಆಲ್ಬಂ, ಪ್ರಿಂಟ್ ಎಲ್ಲ ಪೇಟೆಯಲ್ಲಿ ಗೆಳೆಯನ ಸ್ಟುಡಿಯೋದಲ್ಲಿ. ಅಲ್ಲಿ ವಿಂಡೋಸ್ ಮತ್ತು ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್. ಕಾರವಾರದಲ್ಲಿರುವ ಅಕ್ಕನ ಮಗಳ ಹತ್ತಿರ ಮ್ಯಾಕ್‌ಬುಕ್ ಇದೆ. ಕೂರ್ಮಗಡ ಜಾತ್ರೆ, ಬೈತಖೋಲ ಬಂದರಿನ ದೋಣಿಗಳು, ಕಾಳಿ ನದಿ ಸಮುದ್ರ ಸೇರುವ ಜಾಗ, ಇವುಗಳ ಫೋಟೋ ಅವಳ ಪಾಲಿಗೆ. ಡ್ರೈವ್ ಮಾತ್ರ ಒಂದೇ. ಅದು ದೇವಿಮನೆ ಘಟ್ಟ ಇಳಿದು, ಹತ್ತಿ ಓಡಾಡುತ್ತಿರುತ್ತದೆ.

ಮೂರೂ ಕಡೆ ಓದಲು, ಬರೆಯಲು ಬರಬೇಕು ಅಂದರೆ ಡ್ರೈವನ್ನು ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್‌ನಲ್ಲಿ (ಫೈಲ್ ಜೋಡಿಸಿಡುವ ಕ್ರಮ) ಇಡುವುದೇ ಸುಲಭ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಇದ್ದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಲಿನಕ್ಸ್‌ನ ಇಎಕ್ಸ್‌ಟಿ4 ಆದರೆ ವಿಂಡೋಸ್ ಸುಮ್ನೆ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಆದರೆ ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ, ಅಂದರೆ ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಮಾಡಿಕೊಳ್ಳಲು ಬೇಕಾದ ದಾಖಲೆ. ಕಾಪಿ ನಡೆಯುತ್ತಿರುವಾಗ ಕೇಬಲ್ ಕಿತ್ತರೆ, ಕರೆಂಟ್ ಹೋದರೆ ಫೋಲ್ಡರೇ ಕೆಡಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ. ಅದಕ್ಕೇ ಈ ಡ್ರೈವನ್ನು ಬರೀ ಓಡಾಟಕ್ಕೆ ಇಟ್ಟಿದ್ದೇನೆ. ಮೂಲ ಪ್ರತಿ ಮನೆಯ ಡಿಸ್ಕ್‌ನಲ್ಲೇ.

ಒಮ್ಮೆ ಡ್ರೈವ್ ಕಾರವಾರದಿಂದ ಬಂದಾಗ ಸ್ಟುಡಿಯೋ ಗೆಳೆಯ ಗಾಬರಿಯಾದ. "ಅರ್ಧಕ್ಕರ್ಧ ಫೋಟೋ ಹಾಳಾಗಿದೆ ಮಾರಾಯ, ಒಂದೂ ಓಪನ್ ಆಗ್ತಾ ಇಲ್ಲ." ಅಕ್ಕನ ಮಗಳಿಗೆ ಫೋನ್ ಮಾಡಿದರೆ, "ಇಲ್ಲ ಮಾವ, ನಂಗಿಲ್ಲಿ ಎಲ್ಲಾ ಸರಿಯಾಗೇ ಕಾಣ್ತಿತ್ತು" ಅಂದಳು. ಇಬ್ಬರು ಹೇಳಿದ್ದೂ ನಿಜ. ಎಕ್ಸ್‌ಫ್ಯಾಟ್ ಡ್ರೈವಿಗೆ ಬರೆಯುವಾಗ ಮ್ಯಾಕ್ ತನಗೆ ಬೇಕಾದ ಮಾಹಿತಿ ಇಡಲು ಫೋಟೋದ ಪಕ್ಕ ಇನ್ನೊಂದು ಸಣ್ಣ ಫೈಲ್ ಮಾಡುತ್ತದೆ. ಅದಕ್ಕೂ ಫೋಟೋದ ಹೆಸರೇ. ಹೆಸರಿನ ಶುರುವಿಗೆ ಒಂದು ಚುಕ್ಕಿ, ಒಂದು ಅಂಡರ್‌ಸ್ಕೋರ್ (ಅಡಿಗೆರೆ) ಸೇರಿರುತ್ತದೆ. ಮ್ಯಾಕ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್‌ನಲ್ಲಿ ಎನ್‌ಇಎಫ್ ಅಂತಲೇ ಕಾಣುತ್ತದೆ. ಸೈಜ್ ನೋಡಿದರೆ ಕೆಲವೇ ಕೆಬಿ. ಈಗ ಅವಳು ಡ್ರೈವ್ ಕಳಿಸುವ ಮುಂಚೆ ಟರ್ಮಿನಲ್‌ನಲ್ಲಿ ಆ ಸಣ್ಣ ಫೈಲುಗಳನ್ನು ತೆಗೆಯುವ ಡಾಟ್_ಕ್ಲೀನ್ ಕಮಾಂಡ್ ಓಡಿಸುತ್ತಾಳೆ. ಇಲ್ಲಿ ಒಂದು ಎಚ್ಚರ ಬೇಕು. ನಿಕಾನ್‌ನಲ್ಲಿ ಬಣ್ಣದ ಸೆಟ್ಟಿಂಗ್ ಅಡೋಬಿ ಆರ್‌ಜಿಬಿ ಇಟ್ಟುಕೊಂಡವರ ಫೋಟೋ ಹೆಸರೂ ಅಂಡರ್‌ಸ್ಕೋರ್‌ನಿಂದಲೇ ಶುರುವಾಗುತ್ತದೆ. ಅಳಿಸುವಾಗ ಶುರುವಿನಲ್ಲಿ ಚುಕ್ಕಿ ಇದೆಯಾ ಅಂತ ನೋಡಲೇಬೇಕು.

ಆರಿಸುವುದನ್ನು ಮನೆಯಲ್ಲಿ ಡಾರ್ಕ್‌ಟೇಬಲ್ ಎಂಬ ಫೋಟೋ ಸಾಫ್ಟ್‌ವೇರಿನಲ್ಲಿ ಮಾಡುತ್ತೇನೆ. ಅಡಿಕೆಯಲ್ಲಿ ಗೋಟು ಆಚೆ ಹಾಕುವ ಹಾಗೆ, ಮೊದಲ ಸುತ್ತಿನಲ್ಲಿ ತೆಗೆದುಹಾಕುವುದು ಮಾತ್ರ. ಕಣ್ಣು ಫೋಕಸ್ ಇಲ್ಲ, ಮುಖಕ್ಕೆ ಮೈಕ್ ಅಡ್ಡ ಬಂದಿದೆ, ಎಲ್‌ಇಡಿ ಬೆಳಕಿನ ಪಟ್ಟೆ ಬಿದ್ದಿದೆ ಅಂದರೆ ಆರ್ (ರಿಜೆಕ್ಟ್) ಒತ್ತಿ ಮುಂದೆ. ಎರಡನೇ ಸುತ್ತಿಗೆ ಒಂದೇ ಭಂಗಿಯವನ್ನು ಅಕ್ಕಪಕ್ಕ ಇಟ್ಟು ಪೂರ್ತಿ ಜೂಮ್ ಮಾಡುತ್ತೇನೆ. ಮುಖವರ್ಣಿಕೆಯಲ್ಲಿ ಕಣ್ಣಿನ ಕಾಡಿಗೆಯ ಅಂಚು ಚೂಪಾಗಿ ಬಂದಿದ್ದರೆ ಸಾಕು, ವೇಷಧಾರಿಯ ಕೈ ಸ್ವಲ್ಪ ಅಲುಗಿದ್ದರೂ ಪರವಾಗಿಲ್ಲ. ಕೈ ಅಲುಗಿದರೆ ಕುಣಿತ ಕಾಣುತ್ತದೆ. ಕಣ್ಣು ಅಲುಗಿದರೆ ಪಾತ್ರವೇ ಇಲ್ಲ.

ಕಿರೀಟ ಬೆಳ್ಳಗೆ ಸುಟ್ಟ ಹಾಗೆ ಕಂಡಿತು ಅಂತ ಅವಸರದಲ್ಲಿ ತೆಗೆದುಹಾಕಬಾರದು. ಬೇಗ ಬೇಗ ನೋಡುವಾಗ ತೆರೆಯ ಮೇಲೆ ಬರುವುದು ಹೆಚ್ಚಾಗಿ ರಾ ಒಳಗೇ ಕ್ಯಾಮೆರಾ ಇಟ್ಟಿರುವ ಜೆಪಿಇಜಿ. ನಿಜವಾದ ರಾದಲ್ಲಿ ಬೆಳಕಿನ ವಿವರ ಅದಕ್ಕಿಂತ ಜಾಸ್ತಿ ಉಳಿದಿರುತ್ತದೆ. ವಿಂಡೋಸ್, ಮ್ಯಾಕ್ ಇರುವವರು ಫಾಸ್ಟ್‌ರಾವ್ಯೂವರ್ ಎಂಬ ಸಾಫ್ಟ್‌ವೇರ್ ನೋಡಬಹುದು. ಅದು ರಾದ ಹಿಸ್ಟೋಗ್ರಾಮ್ (ಬೆಳಕು ಕತ್ತಲೆ ಎಷ್ಟೆಷ್ಟಿದೆ ಅನ್ನುವ ಚಿತ್ರ) ಅನ್ನೇ ತೋರಿಸುತ್ತದೆ.

ಈಗ ಮುಖ್ಯ ವಿಷಯ. ಇಷ್ಟು ಹೊತ್ತು ಕೂತು ಒಳ್ಳೆಯ ಫೋಟೋಗೆ ಗುರುತಾಗಿ ಕೊಟ್ಟ ಸ್ಟಾರ್ ಎಲ್ಲಿ ಉಳಿಯುತ್ತದೆ? ಸಾಫ್ಟ್‌ವೇರ್ ತನ್ನ ಕ್ಯಾಟಲಾಗ್ (ತನ್ನದೇ ಪಟ್ಟಿ) ಒಳಗೆ ಮಾತ್ರ ಇಟ್ಟುಕೊಂಡರೆ ಬೇರೆ ಕಂಪ್ಯೂಟರಿಗೆ ಹೋದಾಗ ಎಲ್ಲ ಮೊದಲಿಂದ. ಸ್ಟಾರ್ ಫೋಟೋದ ಪಕ್ಕದಲ್ಲೇ, ಎಕ್ಸ್‌ಎಂಪಿ ಫೈಲಿನಲ್ಲಿ ಇರಬೇಕು. ಅದು ಸಾದಾ ಅಕ್ಷರದ ಫೈಲ್, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತದೆ. ಡಾರ್ಕ್‌ಟೇಬಲ್ ಇದನ್ನು ತಾನೇ ಬರೆಯುತ್ತದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಕ್ಯಾಟಲಾಗ್ ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಬೇಕು.

ಆದರೂ ಇಬ್ಬರ ನಡುವೆ ಹೆಸರಿನ ತಕರಾರು ಇದೆ. ಡಾರ್ಕ್‌ಟೇಬಲ್ ಎನ್‌ಇಎಫ್ ಅನ್ನುವುದನ್ನೂ ಉಳಿಸಿಕೊಂಡು ಅದರ ಕೊನೆಗೆ ಎಕ್ಸ್‌ಎಂಪಿ ಸೇರಿಸುತ್ತದೆ. ಲೈಟ್‌ರೂಮ್ ಎನ್‌ಇಎಫ್ ತೆಗೆದು ಆ ಜಾಗಕ್ಕೆ ಎಕ್ಸ್‌ಎಂಪಿ ಹಾಕುತ್ತದೆ. ಡಾರ್ಕ್‌ಟೇಬಲ್ ಫೋಟೋ ಸೇರಿಸಿಕೊಳ್ಳುವಾಗ ಲೈಟ್‌ರೂಮಿನದನ್ನೂ ಓದುತ್ತದೆ. ಲೈಟ್‌ರೂಮ್ ಡಾರ್ಕ್‌ಟೇಬಲಿನದನ್ನು ನೋಡುವುದೇ ಇಲ್ಲ. ಹಾಗಾಗಿ ಸ್ಟುಡಿಯೋಕ್ಕೆ ಕೊಡುವ ಮುಂಚೆ ಫೋಟೋದ ಮಾಹಿತಿ ಓದಿ ಬರೆಯುವ ಎಕ್ಸಿಫ್‌ಟೂಲ್‌ನಿಂದ ಸ್ಟಾರ್ ಮತ್ತು ಕೀವರ್ಡ್‌ಗಳನ್ನಷ್ಟೇ (ಹುಡುಕಲು ಬರೆದಿಡುವ ಪದಗಳು) ಲೈಟ್‌ರೂಮ್ ಹೆಸರಿನ ಫೈಲಿಗೆ ಕಾಪಿ ಮಾಡುತ್ತೇನೆ. ಬಣ್ಣ, ಬೆಳಕು ತಿದ್ದಿದ್ದು ಒಂದರಿಂದ ಇನ್ನೊಂದಕ್ಕೆ ಹಾಗೇ ಹೋಗುವುದಿಲ್ಲ. ಅದನ್ನು ಆಸೆಪಡುವುದೂ ಬೇಡ.

ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇಡುತ್ತೇನೆ: ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಊರು. ಕನ್ನಡದ ಮೇಲೆ ಪ್ರೀತಿ ಕಮ್ಮಿ ಅಂತಲ್ಲ. "ಗೋಕರ್ಣ" ಅಂತ ಬರೆದರೆ "ಗೋ"ದ ಓತ್ವವನ್ನು ಒಂದೇ ಸಂಕೇತವಾಗಿ ಇಡಬಹುದು, ಅಥವಾ ಬಿಡಿಸಿ ಮೂರು ತುಂಡಾಗಿ ಇಡಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಬಿಡಿಸಿಯೇ ಇಡುತ್ತದೆ. ಲಿನಕ್ಸ್‌ಗೆ ಅವು ಎರಡು ಬೇರೆ ಹೆಸರು. ಕಣ್ಣಿಗೆ ಒಂದೇ ಥರ ಕಾಣುವ ಎರಡು "ಗೋಕರ್ಣ" ಫೋಲ್ಡರ್, ಅರ್ಧ ಫೋಟೋ ಅದರಲ್ಲಿ, ಅರ್ಧ ಇದರಲ್ಲಿ!

ಕನ್ನಡವನ್ನು ಕೀವರ್ಡ್‌ನಲ್ಲಿ ಧಾರಾಳವಾಗಿ ಬರೆಯುತ್ತೇನೆ. ಪ್ರಸಂಗ, ಪಾತ್ರ, ಕಲಾವಿದರ ಹೆಸರು, ಭಾಗವತರು, ಮದ್ದಳೆ, ಚೆಂಡೆ, ಆಟ ಆದ ಊರು. ಇದರಲ್ಲಿ ಉದಾಸೀನ ಮಾಡುವುದಿಲ್ಲ. ಕಲಾವಿದರೊಬ್ಬರು ತೀರಿಕೊಂಡಾಗ ಮನೆಯವರು ಫೋನ್ ಮಾಡುತ್ತಾರೆ. "ಅವರ ಕೌರವನ ವೇಷದ್ದು ಒಂದು ಫೋಟೋ ಇದ್ರೆ ಕೊಡಿ, ನಮ್ಮತ್ರ ಒಂದೂ ಇಲ್ಲ." ಆಗ ಹೆಸರು ಟೈಪ್ ಮಾಡಿದರೆ ಆ ಮುಖ ತೆರೆಯ ಮೇಲೆ ಬರಬೇಕು. ಡಿಸ್ಕ್‌ನಲ್ಲಿ ಎಲ್ಲೋ ಇದೆ ಅನ್ನುವುದು ಅವರಿಗೆ ಉತ್ತರವಲ್ಲ.

ಇನ್ನು ಡಿಲೀಟ್ ಮಾಡುವುದು. ನಿಕಾನ್ ಫೋಟೋಗೆ ಕೊಡುವ ನಂಬರ್ 9999 ಮುಗಿದ ಮೇಲೆ ಮತ್ತೆ 0001ಕ್ಕೆ ಬರುತ್ತದೆ, ಒಂದೇ ಹೆಸರಿನ ಎರಡು ಫೋಟೋ ಆಗಿಬಿಡಬಹುದು. ಅದಕ್ಕೇ ಕಾರ್ಡಿನಿಂದ ಇಳಿಸುವಾಗಲೇ, ಎಕ್ಸ್‌ಎಂಪಿ ಹುಟ್ಟುವ ಮುಂಚೆ, ಹೆಸರಿಗೆ ದಿನ ಮತ್ತು ಗಂಟೆ ಸೇರಿಸಿಬಿಡುತ್ತೇನೆ. ಆರ್ ಬಿದ್ದ ಫೋಟೋಗಳನ್ನು ಕೂಡಲೇ ಅಳಿಸುವುದಿಲ್ಲ. ಎರಡು ಕಡೆ ಕಾಪಿ ಆಗಿ, ಸ್ಟುಡಿಯೋದಲ್ಲಿ ಆಲ್ಬಂ ಮುಗಿದ ಮೇಲೆ ಅಳಿಸುತ್ತೇನೆ. ಅದೂ ಡಾರ್ಕ್‌ಟೇಬಲ್ ಒಳಗಿಂದಲೇ. ಫೈಲ್ ಮ್ಯಾನೇಜರಿನಲ್ಲಿ ಬರೀ ಎನ್‌ಇಎಫ್ ಅಳಿಸಿದರೆ ಎಕ್ಸ್‌ಎಂಪಿ ಅಲ್ಲೇ ಅನಾಥವಾಗಿ ಬಿದ್ದಿರುತ್ತದೆ.