ನೀಲಿ ಮಣಿಗಳ ನಾಲ್ಕನೆಯ ಸುತ್ತು: ಬೆರಳು ತಾಗಿದಲ್ಲಿ ಮೆರುಗಿಲ್ಲ

ಇಂದು ಬೆಳಿಗ್ಗೆ ವಿದ್ಯುತ್ ಕುಲುಮೆಯ ಬಾಗಿಲು ತೆರೆದಾಗ ಹನ್ನೊಂದು ಮಣಿಗಳಲ್ಲಿ ಏಳು ನೀಲಿಯಾಗಿದ್ದವು. ಹಸಿರು ಬೆರೆತ, ಈಗಷ್ಟೇ ನೀರಿನಿಂದ ತೆಗೆದಂತೆ ಹೊಳೆಯುವ ನೀಲಿ. ಉಳಿದ ನಾಲ್ಕರಲ್ಲಿ ಮೂರಕ್ಕೆ ಒಂದು ಬದಿ ಬೋಳು. ನಾಲ್ಕನೆಯದರ ಮೇಲೆ ನನ್ನ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತಿದೆ: ಸುತ್ತ ಮೆರುಗು, ನಡುವೆ ಮಂಕಾದ ಒರಟು ಬಿಳುಪು. ಈ ಸುತ್ತಿನಲ್ಲಿ ನನಗೆ ಹೆಚ್ಚು ಕಲಿಸಿದ್ದು ಇದೇ ಮಣಿ.

ನಾನು ಮಾಡಲು ಹೊರಟಿರುವುದು ಈಜಿಪ್ಟಿನ ಫೇಯಾನ್ಸ್, ಅಂದರೆ ಪ್ರಾಚೀನ ಈಜಿಪ್ಟಿನವರು ಸುಟ್ಟು ಮಾಡುತ್ತಿದ್ದ ಮೆರುಗಿನ ವಸ್ತು. ಅದು ಜೇಡಿಮಣ್ಣಿನದಲ್ಲ. ಇಟಲಿಯ ಫಯೆಂಜಾ ಪಟ್ಟಣದ ಮಣ್ಣಿನ ಪಾತ್ರೆಗಳ ಹೆಸರು ತಪ್ಪಾಗಿ ಇದಕ್ಕೆ ಅಂಟಿಕೊಂಡಿದೆ. ಪ್ರಾಚೀನ ಈಜಿಪ್ಟಿನವರು ಇದನ್ನು ‘ತ್ಜೆಹೆನೆತ್’, ಅಂದರೆ ಹೊಳೆಯುವಂಥದ್ದು, ಎಂದು ಕರೆದರು. ಒಡಲಿನ ಬಹುಪಾಲು ಬೆಣಚುಕಲ್ಲಿನ ಪುಡಿ ಇಲ್ಲವೇ ಮರಳು. ಜೊತೆಗೆ ತುಸು ಸುಣ್ಣ, ನೇಟ್ರಾನ್ ಎಂಬ ನೈಸರ್ಗಿಕ ಸೋಡಾ ಲವಣ ಅಥವಾ ಗಿಡಗಳ ಬೂದಿಯ ಕ್ಷಾರ, ಬಣ್ಣಕ್ಕೆ ತಾಮ್ರ.

ನನ್ನ ಈ ಸಲದ ಅಳತೆ, 100 ಗ್ರಾಂಗೆ: ಬೆಣಚಿನ ಪುಡಿ 84, ಅಡುಗೆ ಸೋಡಾ 5, ಬಟ್ಟೆ ಸೋಡಾ 5, ಸೀಮೆಸುಣ್ಣದ ಪುಡಿ 3, ತಾಮ್ರದ ಕಾರ್ಬೊನೇಟ್ 3. ಒಣ ಪುಡಿ ಬೆರೆಸುವಾಗ ಮುಖಗವಸು ಕಡ್ಡಾಯ. ಬೆಣಚಿನ ದೂಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ. ನೀರು ಹಾಕಿದ ಮೇಲೆ ಬೇರೆಯೇ ಗೋಳು. ಸುಮ್ಮನೆ ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ, ಒತ್ತಿದರೆ ಜಾರುತ್ತದೆ, ಬಾಗಿಸಿದರೆ ಬಿರಿಯುತ್ತದೆ. ಮಣಿಗಿಂತ ದೊಡ್ಡದಕ್ಕೆ ಕೈ ಹಾಕುವ ಧೈರ್ಯ ನನಗಿನ್ನೂ ಬಂದಿಲ್ಲ.

ಇಲ್ಲಿ ಮೆರುಗನ್ನು ಯಾರೂ ಬಳಿಯುವುದಿಲ್ಲ, ಅದು ಒಳಗಿನಿಂದ ಬರುತ್ತದೆ. ಮಣಿ ಒಣಗುವಾಗ ನೀರು ಹೊರಮೈಗೆ ಬಂದು ಆರಿಹೋಗುತ್ತದೆ, ಅದರೊಂದಿಗೆ ಬಂದ ಲವಣ ಅಲ್ಲೇ ಉಳಿಯುತ್ತದೆ. ಎರಡನೆಯ ದಿನ ಹಳೆಯ ಗೋಡೆಗೆ ಉಪ್ಪು ಹತ್ತಿದಂತೆ ಬಿಳಿ ನವಿರು ಕಾಣಿಸಿತು. ಮೂರನೆಯ ದಿನಕ್ಕೆ ಅದು ಉಗುರಿಗೆ ಸಿಗುವಷ್ಟು ದಪ್ಪ ಹೊಪ್ಪಳೆ. ಕುಲುಮೆಯಲ್ಲಿ ಈ ಲವಣವೇ ಬೆಣಚನ್ನು ಕರಗಿಸಿ, ತಾಮ್ರದೊಂದಿಗೆ ಸೇರಿ ಗಾಜಾಗುತ್ತದೆ. ಕಳೆದ ಸುತ್ತಿನಲ್ಲಿ ನಾನು ಮಹಾ ಅಚ್ಚುಕಟ್ಟಿನವನಂತೆ ಆ ಬಿಳಿಯನ್ನು ದೂಳೆಂದುಕೊಂಡು ಕುಂಚದಿಂದ ಒರೆಸಿ ತೆಗೆದಿದ್ದೆ. ಅಷ್ಟೂ ಮಣಿಗಳು ಬೂದು ಬೂದಾಗಿ ಬಂದವು. ಎರಡು ವಾರ ತಾಮ್ರವನ್ನು ಬೈದದ್ದೇ ಬಂತು. (ಮೊದಲ ಸುತ್ತು ಬೇಯಲಿಲ್ಲ, ಎರಡನೆಯದು ಕರಗಿ ಹಲಗೆಗೆ ಅಂಟಿತು. ಈಗ 920 ಡಿಗ್ರಿ ಸೆಲ್ಸಿಯಸ್‌ಗೆ ನಿಂತಿದ್ದೇನೆ.)

ಹೆಬ್ಬೆರಳಿನ ಗುರುತೂ ಹೀಗೇ ಬಂದದ್ದು: ಬೆರಳು ತಾಗಿದಲ್ಲಿ ಉಪ್ಪು ಒರೆಸಿಹೋಗಿತ್ತು. ಬೋಳು ಬದಿಗೂ ಕಾರಣ ಉಪ್ಪಿಲ್ಲದ್ದೇ. ತಟ್ಟೆಗೆ ತಾಗಿದ ಕಡೆ ನೀರು ಆರಲಿಲ್ಲ, ಉಪ್ಪು ಬರಲಿಲ್ಲ. ಈಜಿಪ್ಟಿನ ಸಕ್ಕಾರಾದಲ್ಲಿ ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್ಡಿನ ನೆಲದಡಿಯ ಕೋಣೆಗಳಿಗೆ ಸುಮಾರು 36 ಸಾವಿರ ನೀಲಿ ಫೇಯಾನ್ಸ್ ಹಂಚುಬಿಲ್ಲೆಗಳನ್ನು ಹಚ್ಚಿದ್ದರು. ಅವುಗಳ ಮುಂಬದಿ ತುಸು ಉಬ್ಬು; ಹಿಂಬದಿಯಲ್ಲಿ ದಾರ ಪೋಣಿಸಲು ತೂತಿರುವ ಒಂದು ಗುಬುಟು. ಹಿಂಬದಿ ಹೇಗೂ ಗೋಡೆಗೆ. ಅದು ಬೋಳಾದರೂ ಯಾರು ನೋಡುತ್ತಾರೆ? ಮಣಿಗೆ ಆ ಸೌಲಭ್ಯವಿಲ್ಲ, ಅದಕ್ಕೆ ಹಿಂಬದಿಯೇ ಇಲ್ಲ. ಸರಿಯಾಗಿ ಬಂದ ಏಳನ್ನೂ ನಾನು ಒಣಗುವ ಮೊದಲೇ ಶಾಖ ತಡೆಯುವ ತಂತಿಗೆ ಪೋಣಿಸಿ, ತೂಗುಬಿಟ್ಟೇ ಸುಟ್ಟಿದ್ದೆ.

ಐದನೆಯ ಸುತ್ತಿಗೆ ಹೂಳುವ ವಿಧಾನ. ಇರಾನಿನ ಕೋಮ್‌ನಲ್ಲಿ ಕತ್ತೆಗಳ ಕೊರಳಿಗೆ ಕಟ್ಟುವ ನೀಲಿ ಮಣಿಗಳನ್ನು ಹೀಗೆ ಮಾಡುತ್ತಿದ್ದುದನ್ನು ಸಂಶೋಧಕರು 1960ರ ದಶಕದಲ್ಲಿ ದಾಖಲಿಸಿದ್ದಾರೆ. ಕ್ಷಾರ, ಸುಣ್ಣ, ಬೆಣಚು, ತಾಮ್ರದ ಪುಡಿಯಲ್ಲಿ ಒಣಮಣಿಗಳನ್ನು ಹೂತು ಸುಡುವುದು. ಆರಿದ ಮೇಲೆ ಪುಡಿಯನ್ನು ಉದುರಿಸಿ ಮಣಿಯನ್ನು ಹೆಕ್ಕುವುದು. ತಂತಿ ಬೇಡ, ಉಪ್ಪು ಹೂಬಿಡುವವರೆಗೆ ಉಸಿರು ಬಿಗಿಹಿಡಿದು ಕಾಯುವುದೂ ಬೇಡ. ಮೂಸೆ ಸಿದ್ಧವಿದೆ, ಸುಣ್ಣವನ್ನು ಇನ್ನೊಮ್ಮೆ ಜರಡಿ ಹಿಡಿಯಬೇಕು.